ನಿಮ್ಮ ಮಾಲಿನ ಜಾಹೀರಾತಿಗೆ ತಲೆಬರಹ ಬರೆಯುವುದು: ಹಲಸಿನ ಹಪ್ಪಳವನ್ನೇ ಇಟ್ಟುಕೊಂಡು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಂಗಡಿಗಳಲ್ಲಿ ಹಲಸಿನ ಹಪ್ಪಳದ ಕಟ್ಟುಗಳ ಮೇಲೆ ಸಾಮಾನ್ಯವಾಗಿ ಕಾಣುವ ಮಾತು ‘ಶುಚಿ, ರುಚಿ, ಉತ್ತಮ ಗುಣಮಟ್ಟ’. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಯಾರ ಹಪ್ಪಳವೆಂದು ತಿಳಿಯದು. ಉಪ್ಪಿನಕಾಯಿಗೂ, ಮಾವಿನ ರಸ ಒಣಗಿಸಿದ ಮಾಂಬಳಕ್ಕೂ ಅದೇ ಮಾತು ಒಪ್ಪುತ್ತದೆ. ಒಳ್ಳೆಯ ತಲೆಬರಹಕ್ಕೆ ಬೇಕಾದದ್ದು ನಿಮ್ಮ ಮಾಲಿನ ಬಗ್ಗೆ ಮಾತ್ರ ಹೇಳಬಹುದಾದ ಒಂದು ನಿಜ.

ಆ ನಿಜ ಹುಡುಕುವುದಕ್ಕೇ ಹೆಚ್ಚು ಹೊತ್ತು ಕೊಡಿ. ಹಲಸು ಬಕ್ಕೆಯೋ (ಗಟ್ಟಿ ಸೊಳೆಯದು) ತುಳುವೆಯೋ (ಮೆತ್ತನೆ ಸೊಳೆಯದು), ಸೊಳೆ ಬೇಯಿಸಿ ಗುದ್ದಿದ್ದು ಒರಳಲ್ಲೋ ಗ್ರೈಂಡರಲ್ಲೋ, ಖಾರಕ್ಕೆ ಯಾವ ಮೆಣಸು, ಎಷ್ಟು ಬಿಸಿಲು ಕಂಡದ್ದು, ಕಟ್ಟಿನಲ್ಲಿ ಎಷ್ಟು ಹಪ್ಪಳ, ಎಷ್ಟು ತಿಂಗಳು ಕೆಡದೆ ಉಳಿಯುತ್ತದೆ: ಹೀಗೆ ಕನಿಷ್ಠ 20 ಸಂಗತಿ ಪಟ್ಟಿ ಮಾಡಿ. ಆಮೇಲೆ ಎರಡನೇ ಸಲ ಕೊಂಡ ನಾಲ್ಕೈದು ಮಂದಿಯನ್ನು ‘ಮತ್ತೆ ಯಾಕೆ ತೆಗೆದುಕೊಂಡಿರಿ?’ ಎಂದು ಕೇಳಿ, ಅವರ ಮಾತನ್ನು ತಿದ್ದದೆ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ತಲೆಬರಹ ಅದರಲ್ಲೇ ಇರುತ್ತದೆ.

ಈಗ ‘ಅತ್ಯುತ್ತಮ ಹಲಸಿನ ಹಪ್ಪಳ’ವನ್ನು ತಿದ್ದೋಣ. ‘ಅತ್ಯುತ್ತಮ’ ಎಂಬುದು ಮಾರುವವರ ಅಭಿಪ್ರಾಯ, ಕೊಳ್ಳುವವರು ಅದನ್ನು ಓದುವುದೇ ಇಲ್ಲ. ಪಟ್ಟಿಯಿಂದ ಎರಡು ಸಂಗತಿ ತಂದರೆ: ‘ಬಕ್ಕೆ ಹಲಸಿನ ಹಪ್ಪಳ, ಮೂರು ಬಿಸಿಲಲ್ಲಿ ಒಣಗಿದ್ದು’. ಊರಿನವರಿಗೆ ಇಷ್ಟು ಸಾಕು, ಹಪ್ಪಳ ಏನೆಂದು ಅವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಊರವರಿಗೆ ಬೇಕಾದದ್ದು ಬೇರೆ: ‘ಆಟಿಯ ಗಂಜಿಗೆ ಊರಿನ ಹಪ್ಪಳ, ಬೆಂಗಳೂರಿನ ಮನೆಬಾಗಿಲಿಗೆ’ (ಆಟಿ ಎಂದರೆ ತುಳುನಾಡಿನ ಮಳೆಗಾಲದ ತಿಂಗಳು). ಮಾಲು ಒಂದೇ, ಓದುವವರು ಬದಲಾದರು. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಲು ಹೋದರೆ ಇಬ್ಬರಿಗೂ ತಟ್ಟುವುದಿಲ್ಲ. ಮಲಯಾಳಂ ಓದುವ ಗಿರಾಕಿಗಳಿಗೂ ಹಾಗೆಯೇ. ಕನ್ನಡದ ಸಾಲನ್ನು ಅನುವಾದಿಸಬೇಡಿ, ಪಟ್ಟಿಯನ್ನು ಕೊಟ್ಟು ಆ ಭಾಷೆಯವರಿಂದಲೇ ಹೊಸದಾಗಿ ಬರೆಸಿ.

ಹೆಸರಾಂತ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಮಾಡಿದ್ದೂ ಇದನ್ನೇ. ‘ಸದ್ದಿಲ್ಲದ ಕಾರು’ ಎನ್ನದೆ, ಗಂಟೆಗೆ 60 ಮೈಲಿ ವೇಗದಲ್ಲೂ ಒಳಗೆ ಕೇಳುವ ಅತಿ ದೊಡ್ಡ ಸದ್ದು ಗಡಿಯಾರದ್ದು ಎಂದು ಬರೆದರು. ಗುಣವನ್ನು ಹೊಗಳಲಿಲ್ಲ, ಅದಕ್ಕೆ ಸಾಕ್ಷಿ ಕೊಟ್ಟರು.

ಒಂದೇ ಕೂತಲ್ಲಿ 20 ತಲೆಬರಹ ಬರೆಯಿರಿ. ಮೊದಲ ಏಳೆಂಟು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ, ಬೇಸರಿಸಬೇಡಿ. ಮರುದಿನ ಗಟ್ಟಿಯಾಗಿ ಓದಿ, ನಾಲಗೆ ತಡವರಿಸಿದ ಸಾಲು ಬಿಡಿ. ಪ್ರಾಸ ತಾನಾಗಿ ಬಂದರೆ ಚಂದ. ಪ್ರಾಸಕ್ಕಾಗಿ ಅರ್ಥ ಬಗ್ಗಿಸಿದ್ದು ಕೂಡಲೇ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಲಸು ‘ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ’ ಎಂದು ಬರೆಯಲೇಬೇಡಿ. ಆಹಾರದ ಜಾಹೀರಾತಿನಲ್ಲಿ ರೋಗ ವಾಸಿಯಾಗುತ್ತದೆ ಎನ್ನುವುದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ಅವಕಾಶ ಕೊಡುವುದಿಲ್ಲ. ‘ಶುದ್ಧ’, ‘ತಾಜಾ’, ‘ನೈಸರ್ಗಿಕ’ ಎಂಬ ಮಾತುಗಳಿಗೂ ಷರತ್ತುಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ದಂಡದ ಮಾತು ಬಿಡಿ, ಅದನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ?

ಉದ್ದದ ಲೆಕ್ಕ ಜಾಗಕ್ಕೆ ತಕ್ಕಂತೆ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಒಂದು ತಲೆಬರಹಕ್ಕೆ 30 ಅಕ್ಷರ ಮಾತ್ರ. ‘ಬಕ್ಕೆ ಹಲಸಿನ ಹಪ್ಪಳ’ ನಮ್ಮ ಕಣ್ಣಿಗೆ 9 ಅಕ್ಷರ. ಕಂಪ್ಯೂಟರು ಒತ್ತು, ಸ್ವರಚಿಹ್ನೆ, ನಡುವಿನ ಖಾಲಿ ಜಾಗ ಎಲ್ಲ ಸೇರಿಸಿ 17 ಎನ್ನುತ್ತದೆ. ರಸ್ತೆಬದಿಯ ಫ್ಲೆಕ್ಸಿಗೆ ಐದಾರು ಪದ ಮೀರಬೇಡಿ. 40 ಅಡಿ ದೂರದಿಂದ ಬಸ್ಸಿನಲ್ಲಿ ಕೂತವರು ಸಲೀಸಾಗಿ ಓದಬೇಕಾದರೆ ಅಕ್ಷರದ ಎತ್ತರ 4 ಇಂಚಾದರೂ ಇರಲಿ. ಎರಡು ಸಾಲಾದರೆ ‘ಹಲಸಿನ’ ಮೇಲೆ, ‘ಹಪ್ಪಳ’ ಕೆಳಗೆ ಎಂದು ತುಂಡರಿಸಬೇಡಿ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಹೀಗೆ ಸೋಸಿ ಕೊನೆಗೆ ಉಳಿದ ಎರಡು ತಲೆಬರಹಗಳಲ್ಲಿ ಯಾವುದು ಮೇಲೆಂದು ಮನೆಯವರನ್ನು ಕೇಳಬೇಡಿ, ಅವರು ಚಂದ ನೋಡುತ್ತಾರೆ. ಗಿರಾಕಿಗಳನ್ನು ಎರಡು ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಒಂದೇ ದಿನ, ಒಂದೇ ಹೊತ್ತಿಗೆ, ಅದೇ ಚಿತ್ರ, ಅದೇ ಬೆಲೆಯೊಂದಿಗೆ ತಲೆಬರಹ ಮಾತ್ರ ಬದಲಿಸಿ ಕಳಿಸಿ. ನಿಮ್ಮ ನಂಬರು ಉಳಿಸಿಕೊಂಡವರಿಗಷ್ಟೇ ಇದು ತಲುಪುವುದು, ಪಟ್ಟಿ ಮಾಡುವಾಗಲೇ ನೋಡಿಕೊಳ್ಳಿ. ಎಣಿಸಬೇಕಾದದ್ದು ಆರ್ಡರುಗಳನ್ನು, ಮೆಚ್ಚುಗೆಯ ಹೆಬ್ಬೆರಳಿನ ಚಿತ್ರಗಳು ಲೆಕ್ಕಕ್ಕಿಲ್ಲ.

ಪ್ರೆಸ್ಸಿಗೆ ಕೊಟ್ಟ ಮೇಲೆ ಪ್ರೂಫ್ ನೋಡದೆ ಒಪ್ಪಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಕನ್ನಡವನ್ನು ಹಳೆಯ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಜೊತೆಗೆ ಕೈಬರಹದ ಪ್ರತಿಯೊಂದನ್ನು ಕೊಡಿ, ಬಂದ ಪ್ರೂಫನ್ನು ಅದರ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ.