ನನ್ನ ಎಡಗೈಗೂ ಕೆಲಸ ಸಿಕ್ಕಿತು

ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆಯಲ್ಲಿ ನಾನು ಮೊದಲು ಕಲಿತದ್ದು ಚೀನೀ ಪದ್ಧತಿ. ನಾಲಿಗೆ ನೋಡು, ನಾಡಿ ಹಿಡಿ, ಪ್ರಶ್ನೆ ಕೇಳು, ಆಮೇಲೆ ಸೂಜಿ. ನನ್ನ ಸೂಜಿಗಳ ದಪ್ಪ 0.25, 0.30 ಮಿಲಿಮೀಟರ್. ಒಳಗೆ ಭಾರವಾಗಿ ಜುಮ್ಮೆನ್ನುವವರೆಗೆ ಸೂಜಿ ತಿರುಗಿಸುತ್ತಿದ್ದೆ. ಅದಕ್ಕೆ 'ದ ಚಿ' ಅನ್ನುತ್ತಾರೆ. ರೋಗಿ "ಹಾಂ, ಬಂತು" ಅಂದರೆ ನನಗೂ ಸಮಾಧಾನ.

ಆಮೇಲೆ ಟೋಕಿಯೋದಲ್ಲಿ ಒಬ್ಬ ಗುರುಗಳ ಹತ್ತಿರ ಕೂತೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಜಪಾನಿನ ಈ ವಿದ್ಯೆಯಲ್ಲಿ ಅದೇನೂ ಅಪರೂಪವಲ್ಲ. 17ನೇ ಶತಮಾನದ ಸುಗಿಯಾಮ ವಾಇಚಿ ಕೂಡ ಕುರುಡರು. ಆಗ ಜಪಾನ್ ಆಳುತ್ತಿದ್ದ ಷೋಗನ್ ತ್ಸುನಯೋಶಿಗೇ ಚಿಕಿತ್ಸೆ ಕೊಟ್ಟವರು, ಕುರುಡರಿಗೆ ಈ ವಿದ್ಯೆಯ ಶಾಲೆ ನಡೆಸಿದವರು. ಎನೋಶಿಮಾ ದ್ವೀಪದಲ್ಲಿ ಎಡವಿ ಬಿದ್ದಾಗ ಸುರುಳಿ ಸುತ್ತಿದ್ದ ಎಲೆಯೊಳಗಿಂದ ಪೈನ್ ಮರದ ಸೂಜಿಯಂಥ ಎಲೆ ಅವರಿಗೆ ಚುಚ್ಚಿತಂತೆ. ಸೂಜಿಯನ್ನು ಕೊಳವೆಯಲ್ಲಿಟ್ಟು ಮೇಲಿಂದ ತಟ್ಟುವ ಉಪಾಯ ಹೊಳೆದದ್ದು ಆಗಲೇ ಅನ್ನುತ್ತಾರೆ. ಆ ಕೊಳವೆಯನ್ನು ನಾನು ವರ್ಷಗಟ್ಟಲೆ ಬಳಸಿದ್ದೆ, ಜಪಾನಿನದು ಅಂತ ಗೊತ್ತೇ ಇರಲಿಲ್ಲ!

ಗುರುಗಳು ನನ್ನ ಕೈಗೆ 0.16ರ ಸೂಜಿ ಕೊಟ್ಟು, ಹತ್ತಿಯ ದಿಂಬಿಗೆ ಹಾಕು ಅಂದರು. ಹಳೇ ಅಭ್ಯಾಸದಲ್ಲಿ ಒತ್ತಿದೆ. ಬಾಗಿತು. ಇನ್ನೊಂದು, ಅದೂ ಬಾಗಿತು. ಅವರು ನನ್ನ ಬಲಗೈ ಬಿಟ್ಟು ಎಡಗೈ ಹಿಡಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ಸೂಜಿ ಹಾಕುವ ಜಾಗದ ಸುತ್ತ ಸಣ್ಣ ಬಳೆಯಂತೆ ಇಡಬೇಕು. ಇದು 'ಒಶಿದೆ'. ಚರ್ಮ ಎಲ್ಲಿ ತಣ್ಣಗಿದೆ, ಎಲ್ಲಿ ಸಡಿಲ, ಎಲ್ಲಿ ಗಂಟು ಅಂತ ಹುಡುಕುವುದು ಈ ಕೈಯೇ. ಸೂಜಿಯ ಜಾಗಕ್ಕೆ ಪುಸ್ತಕ ಹೇಳುವ ಅಳತೆ ದಾರಿ ತೋರಿಸುತ್ತದೆ ಅಷ್ಟೇ. ಹೊಟ್ಟೆ ಮುಟ್ಟಿ ನೋಡುವುದಕ್ಕೂ ಅವರಲ್ಲಿ ತುಂಬಾ ಬೆಲೆ. ಸೂಜಿ ಎರಡು ಮೂರು ಮಿಲಿಮೀಟರ್ ಇಳಿದರೆ ಜಾಸ್ತಿ. ಕೆಲವೊಮ್ಮೆ ಚರ್ಮಕ್ಕೆ ತಾಗಿಸಿ ಎತ್ತಿಬಿಡುತ್ತಾರೆ. ಜುಮ್ಮೆನ್ನುವುದು ರೋಗಿಗೆ ಬೇಕಿಲ್ಲ, ನಮ್ಮ ಬೆರಳಿಗೆ ತಿಳಿದರೆ ಸಾಕು.

ಜಪಾನಿನಲ್ಲಿ ಎಲ್ಲರೂ ಹೀಗೆ ಅಂದುಕೊಳ್ಳಬೇಡಿ. ಸೂಜಿಯನ್ನು ಆಳಕ್ಕೆ ಹಾಕಿ ಅದಕ್ಕೆ ಸಣ್ಣ ಕರೆಂಟ್ ಕೊಡುವವರೂ ಇದ್ದಾರೆ.

ಮೋಕ್ಸಾ, ಅಂದರೆ ಗಿಡದ ನವಿರು ಸುಟ್ಟು ಶಾಖ ಕೊಡುವ ಚಿಕಿತ್ಸೆ, ನನಗೆ ಇನ್ನೂ ಇಷ್ಟವಾಯಿತು. ನಮ್ಮ ಮಾಚಿಪತ್ರೆಯ ಜಾತಿಯದೇ ಗಿಡ. ಒಣಗಿದ ಎಲೆಯ ನವಿರು ತೆಗೆದು, ಅರ್ಧ ಅಕ್ಕಿಕಾಳಿನಷ್ಟು ಉಂಡೆ ಮಾಡಿ ಚರ್ಮದ ಮೇಲೇ ಸುಡುತ್ತಾರೆ. ಅಲ್ಲಿ ಸೂಜಿಗೊಂದು, ಇದಕ್ಕೊಂದು ಬೇರೆ ಬೇರೆ ಲೈಸೆನ್ಸ್. ನನ್ನ ಮೊದಲ ಉಂಡೆ ಶೇಂಗಾ ಗಾತ್ರಕ್ಕೆ ಬಂದಿತ್ತು, ಗುರುಗಳು ಮುಟ್ಟಿ ನೋಡಿ ನಕ್ಕರು.

ಈಗಲೂ ಬಿಗಿದ ಸೊಂಟಕ್ಕೆ ದಪ್ಪ ಸೂಜಿಯನ್ನೇ ತೆಗೆಯುತ್ತೇನೆ. ಹೆದರುವವರಿಗೆ, ವಯಸ್ಸಾದವರಿಗೆ 0.16. ಮೊನ್ನೆ ಒಬ್ಬ ಅಜ್ಜಿ ಅರ್ಧ ಗಂಟೆ ಮಲಗಿ ಎದ್ದು, "ಯಾವಾಗ ಚುಚ್ಚುತ್ತೀರಿ?" ಅಂದರು. ಆಗಲೇ ಮುಗಿದಿತ್ತು.