ಮಂಡಿ ದಲ್ಲಾಳಿಗಳು ಕಾರಿನ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವ ಬಗೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟುಕೊಂಡವರು ಹರಾಜು ಮುಗಿಸಿ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯ ತೋಟಗಳಿಗೆ ಸ್ವಂತ ಕಾರಿನಲ್ಲಿ ಹೋಗಿಬರುತ್ತಾರೆ. ಈ ಓಡಾಟದ ಖರ್ಚನ್ನು ಹಲವರು ಲೆಕ್ಕಕ್ಕೇ ತರುವುದಿಲ್ಲ. ಕೆಲವರು ಮನೆಯವರ ತಿರುಪತಿ ಯಾತ್ರೆಯ ಪೆಟ್ರೋಲನ್ನೂ ಅದಕ್ಕೆ ಸೇರಿಸಿಬಿಡುತ್ತಾರೆ. ಎರಡೂ ತಪ್ಪು.

ಮೊದಲು ನಿಮ್ಮ ಲೆಕ್ಕದ ಪದ್ಧತಿಯನ್ನು ನೋಡಿಕೊಳ್ಳಿ. ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಲಾಭದ ಪದ್ಧತಿಯಲ್ಲಿ ವಹಿವಾಟಿನ ಶೇ 8ರಷ್ಟನ್ನು, ಬ್ಯಾಂಕ್ ಮೂಲಕ ಬಂದ ಹಣವಾದರೆ ಶೇ 6ರಷ್ಟನ್ನು ಲಾಭವೆಂದು ತೋರಿಸಿದರೆ ಸಾಕು. ಎಲ್ಲ ಖರ್ಚೂ ಅದರೊಳಗೇ ಕಳೆದಂತೆ ಆಗುವುದರಿಂದ ಪೆಟ್ರೋಲನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಆದರೆ ಕಮಿಷನ್ ಆದಾಯಕ್ಕೆ ಈ ಪದ್ಧತಿಯೇ ಅನ್ವಯಿಸುವುದಿಲ್ಲ. ಆದ್ದರಿಂದ ದಲ್ಲಾಳಿಗಳು ಲೆಕ್ಕದ ಪುಸ್ತಕಗಳನ್ನಿಟ್ಟು ಐಟಿಆರ್-3 ಎಂಬ ತೆರಿಗೆ ವಿವರದ ನಮೂನೆಯನ್ನು ಸಲ್ಲಿಸಬೇಕು, ಕಾರಿನ ಖರ್ಚನ್ನು ಕಳೆಯುವ ಹಕ್ಕೂ ಅಲ್ಲಿಯೇ ಸಿಗುತ್ತದೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಈ ಹಕ್ಕು ಉಂಟು.

ಇದಕ್ಕೆಲ್ಲ ಆಧಾರ ಓಡಾಟದ ಪುಸ್ತಕ. ಕಾರಿನಲ್ಲೇ ಒಂದು ನೋಟ್‌ಬುಕ್ ಇಟ್ಟು, ಹೊರಡುವಾಗ ಮತ್ತು ಮರಳಿದಾಗ ಮೀಟರ್ ನೋಡಿ ಬರೆಯಿರಿ: "ಜೂನ್ 12, ಶ್ರೀನಿವಾಸಪುರ, 42,310ರಿಂದ 42,362, ಬೆಳೆ ನೋಡಿ ಮುಂಗಡದ ಮಾತು." ಇಷ್ಟು ಬರೆಯಲು ಅರ್ಧ ನಿಮಿಷ ಸಾಕು. ವರ್ಷದ ಕೊನೆಗೆ ಕುಳಿತು ಒಂದೇ ಪೆನ್ನಿನಲ್ಲಿ ಬರೆದ ಪುಸ್ತಕವನ್ನು ಅಧಿಕಾರಿಗಳು ನೋಡಿದ ಕೂಡಲೇ ಗುರುತಿಸುತ್ತಾರೆ, ಆ ಕೆಲಸ ಮಾಡಬೇಡಿ.

ವರ್ಷದಲ್ಲಿ ಕಾರು 18,000 ಕಿ.ಮೀ. ಓಡಿ, ಅದರಲ್ಲಿ 13,500 ಕಿ.ಮೀ. ಮಂಡಿಯ ಕೆಲಸಕ್ಕೆ ಆಗಿದ್ದರೆ ವ್ಯವಹಾರದ ಪಾಲು ಶೇ 75. ಪೆಟ್ರೋಲ್, ರಿಪೇರಿ, ಇನ್ಶೂರೆನ್ಸ್ ಸೇರಿ 1,60,000 ರೂಪಾಯಿ ಆಗಿದ್ದರೆ 1,20,000 ರೂಪಾಯಿ ಕಳೆಯಬಹುದು. ಕಾರಿನ ಸವಕಳಿ, ಅಂದರೆ ಹಳೆಯದಾದಂತೆ ಇಳಿಯುವ ಬೆಲೆಗೆಂದು ಕಳೆಯುವ ಮೊತ್ತ, ವರ್ಷಕ್ಕೆ ಶೇ 15. 8,00,000 ರೂಪಾಯಿಯ ಕಾರಿಗೆ ಮೊದಲ ವರ್ಷ 1,20,000 ರೂಪಾಯಿ ಆಗಿ, ಅದರ ಮುಕ್ಕಾಲು ಪಾಲು 90,000 ರೂಪಾಯಿ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಸವಕಳಿಯೂ ಅರ್ಧವಾಗುತ್ತದೆ.

ಸಾಲದ ಕಂತಿನಲ್ಲಿ ಬಡ್ಡಿಯ ಭಾಗಕ್ಕೆ ಮಾತ್ರ, ಅದೂ ಇದೇ ಪಾಲಿನಲ್ಲಿ, ವಿನಾಯಿತಿ ಇದೆ, ಅಸಲಿಗೆ ಇಲ್ಲ. ಸಂಚಾರ ನಿಯಮ ಮೀರಿ ಕಟ್ಟಿದ ದಂಡವನ್ನು ಖರ್ಚೆಂದು ತೋರಿಸುವಂತಿಲ್ಲ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ತಿರಸ್ಕೃತವಾಗುವುದರಿಂದ, ಗ್ಯಾರೇಜಿನ ದೊಡ್ಡ ಬಿಲ್ಲನ್ನು ಯುಪಿಐ ಅಥವಾ ಚೆಕ್ಕಿನಲ್ಲಿಯೇ ಕೊಡಿ.

ಬಂಕಿನ ಚೀಟಿಗಳ ವಿಚಾರದಲ್ಲಿ ನಾನು ಪಟ್ಟು ಹಿಡಿದು ಹೇಳುವ ಮಾತೊಂದಿದೆ. ನಾನು ಲೆಕ್ಕ ಬರೆಯುವ ಒಬ್ಬರು ವರ್ಷವಿಡೀ ಚೀಟಿಗಳನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟು ಒಟ್ಟಿಗೆ ತಂದುಕೊಟ್ಟರು. ಬಿಸಿಲಿಗೆ ಅಕ್ಷರ ಅಳಿಸಿ, ಅರ್ಧಕ್ಕರ್ಧ ಬಿಳಿ ಕಾಗದವಾಗಿದ್ದವು. ಚೀಟಿ ಕೈಗೆ ಬಂದ ದಿನವೇ ಫೋನಿನಲ್ಲಿ ಫೋಟೊ ತೆಗೆದು, ತಿಂಗಳಿಗೊಂದು ಫೋಲ್ಡರಿನಲ್ಲಿ, ಓಡಾಟದ ಪುಸ್ತಕದ ಫೋಟೊ ಜೊತೆಗೇ ಇಡಿ.