ಹೊಲದಲ್ಲಿ ಸಿಕ್ಕ ರೋಮನ್ ಕಂಚಿನ ಪ್ರಾಣಿಯನ್ನು ತೊಳೆಯಬೇಡಿ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವವರಿಗೆ ಬೆರಳುದ್ದದ ಕಂಚಿನ ಹುಂಜ, ಟಗರು, ನಾಯಿ, ಹದ್ದು ಒಮ್ಮೊಮ್ಮೆ ಸಿಗುತ್ತವೆ. ಹದಿನೆಂಟು ಶತಮಾನ ಮಣ್ಣಿನಲ್ಲಿ ಬಾಳಿದ್ದು ಅದೇ ಸಂಜೆ ನಲ್ಲಿಯ ಕೆಳಗೆ ಹಾಳಾಗುವುದುಂಟು.

ಜಮೀನಿನ ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದಿರಬೇಕು. ವಸ್ತು ಸಿಕ್ಕ ಕೂಡಲೇ, ಅಲ್ಲೇ ನಿಂತು, ಜಿಪಿಎಸ್‌ನಿಂದ ಗ್ರಿಡ್ ರೆಫರೆನ್ಸ್, ಅಂದರೆ ನಕ್ಷೆಯ ಚೌಕದಲ್ಲಿ ಆ ಜಾಗವನ್ನು ಗುರುತಿಸುವ ಸಂಖ್ಯೆ, ಬರೆದುಕೊಳ್ಳಿ. ಎಂಟು ಅಂಕಿಯಾದರೆ 10 ಮೀಟರ್ ಚೌಕ, ಹತ್ತು ಅಂಕಿಯಾದರೆ 1 ಮೀಟರ್. ಆಳವನ್ನೂ ಬರೆಯಿರಿ. ಉತ್ತ ಮಣ್ಣಿನ ಪದರಕ್ಕಿಂತ ಕೆಳಗೆ ಇನ್ನೂ ಏನೋ ಇದೆ ಅನ್ನಿಸಿದರೆ ಅಗೆತ ನಿಲ್ಲಿಸಿ.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಬೆಳಗುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಹುಣಸೆ, ನಿಂಬೆ, ವಿನಿಗರ್, ತಂತಿ ಬ್ರಷ್ ಯಾವುದೂ ಬೇಡ. ಕುಶಲಕರ್ಮಿ ಗೀರಿದ ಗರಿ, ಕೂದಲಿನ ಗೆರೆಗಳು ಉಳಿದಿರುವುದೇ ಹಸಿರು ಕಿಲುಬಿನ ಪದರದಲ್ಲಿ. ಅದನ್ನು ಕೆರೆದರೆ ಗೆರೆಗಳೂ ಹೋಗುತ್ತವೆ. ಗಟ್ಟಿಯಾದ, ನುಣುಪಾದ ಹಸಿರಿನಿಂದ ಅಪಾಯವಿಲ್ಲ. ತಿಳಿಹಸಿರು ಪುಡಿ ಚುಕ್ಕೆಗಳು ಕಂಡರೆ ಎಚ್ಚರ: ಒಳಗಿನ ಕ್ಲೋರೈಡ್ ಉಪ್ಪು ಗಾಳಿಯ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಆಮ್ಲ ಲೋಹವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ, ಹೀಗೆ ತಾನಾಗಿ ನಿಲ್ಲುವುದಿಲ್ಲ. ಪ್ರಾಣಿಯನ್ನು ನಿಧಾನವಾಗಿ ನೆರಳಲ್ಲಿ ಒಣಗಲು ಬಿಡಿ. ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಆಮ್ಲರಹಿತ ಟಿಶ್ಯೂ ಕಾಗದದ ಮೇಲೆ ಇಟ್ಟು ತೇವ ಹೀರುವ ಒಣ ಸಿಲಿಕಾ ಜೆಲ್ ಹಾಕಿ, ಡಬ್ಬಿಯೊಳಗಿನ ಸಾಪೇಕ್ಷ ತೇವಾಂಶ ಶೇ. 35ಕ್ಕಿಂತ ಕೆಳಗಿರಬೇಕು. ಹತ್ತಿ ಬೇಡ, ಎಳೆಗಳು ಕಿಲುಬಿಗೆ ಸಿಕ್ಕಿಕೊಳ್ಳುತ್ತವೆ. ಚುಕ್ಕೆ ಹರಡುತ್ತಿದ್ದರೆ ಸಂರಕ್ಷಣಾ ತಜ್ಞರ ಕೈಗೇ ಕೊಡಿ.

ಮುಖಕ್ಕಿಂತ ಅಡಿಭಾಗವೇ ಹೆಚ್ಚು ಹೇಳುತ್ತದೆ. ಪಾದದಡಿ ಸೀಸದ ಬೆಸುಗೆಯ ಬೂದು ಗುರುತು ಅಥವಾ ಮುರಿದ ಗೂಟ ಇದ್ದರೆ ಅದು ಪೀಠದ ಮೇಲೆ ನಿಂತಿದ್ದಿರಬಹುದು. ಹುಂಜ, ಟಗರು, ಆಮೆ ರೋಮನ್ನರ ಮರ್ಕ್ಯುರಿ ದೇವರ ಜೊತೆಗಾರರು. ಉದ್ದ ಸೀಳಿನಲ್ಲಿ ಕಬ್ಬಿಣದ ತುಕ್ಕು ಇದ್ದರೆ ಮಡಚುವ ಚಾಕುವಿನ ಹಿಡಿ. ಮೊಲವನ್ನು ಅಟ್ಟುವ ನಾಯಿ ಅಂಥ ಹಿಡಿಗಳಲ್ಲಿ ಪರಿಚಿತ ರೂಪ. ಆ ತುಕ್ಕನ್ನೂ ಕೆರೆಯಬೇಡಿ. ಹಸಿರು ಬಣ್ಣ ಬಳಿದಂತೆ ಎಲ್ಲೆಡೆ ಒಂದೇ ಸಮನಾಗಿದ್ದು, ಅಚ್ಚಿನ ಸೇರುಗೆರೆ ಚೂಪಾಗಿದ್ದರೆ ಈಚಿನ ನಕಲು ಎಂದು ಶಂಕಿಸಿ. ಆರು ಬದಿಯಿಂದಲೂ ಮಿಲಿಮೀಟರ್ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ತೂಕ ಬರೆದಿಡಿ.

ನಂತರ, ಜನರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ಸ್ಥಳೀಯ ಅಧಿಕಾರಿಗೆ ತೋರಿಸಿ. 1996ರ ಟ್ರೆಷರ್ ಕಾಯ್ದೆಯಲ್ಲಿ ಒಂಟಿ ಕಂಚಿನ ವಸ್ತು ಸಾಮಾನ್ಯವಾಗಿ ನಿಧಿಯಲ್ಲ. ಆದರೆ 2023ರ ಜುಲೈ 30ರಂದು ಅಥವಾ ಆ ಬಳಿಕ ಸಿಕ್ಕ, 200 ವರ್ಷ ದಾಟಿದ, ಅಸಾಧಾರಣ ಮಹತ್ವದ ಲೋಹದ ವಸ್ತುವೂ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನಿಧಿಯಾಗಬಹುದು. ಹಾಗೆ ಅನ್ನಿಸಿದ 14 ದಿನದೊಳಗೆ ಕೊರೊನರ್‌ಗೆ (ನಿಧಿಯ ವಿಚಾರಣೆ ನಡೆಸುವ ಸ್ಥಳೀಯ ಅಧಿಕಾರಿಗೆ) ತಿಳಿಸಬೇಕು. ಸ್ಕಾಟ್ಲೆಂಡ್‌ನ ನಿಯಮವೇ ಬೇರೆ.